ಕೆಳಗಿನ ದನಿ

ಮನೆಯನ್ನು ನೋಡಲು ಬಂದವರು ತೊಲೆ-ಕಂಬಗಳನ್ನು ಹೊಗಳುತ್ತಾರೆ. ಅಡಿಗಲ್ಲನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಸಂಗೀತದಲ್ಲಿಯೂ ಹಾಗೆಯೇ. ಮೇಲೇರುವ ದನಿಗೆ ಚಪ್ಪಾಳೆ. ಅದನ್ನು ಹೊತ್ತು ನಿಂತ ಕೆಳಗಿನ ದನಿಗೆ ಹೆಸರೂ ಇಲ್ಲ. ಆದರೆ ಆ ದನಿ ಒಂದು ಗಳಿಗೆ ನಿಂತಿತೆನ್ನಿ, ಹಾಡು ನೆಲ ಬಿಟ್ಟಂತಾಗುತ್ತದೆ. ಇಂಥ ಎರಡು ವಾದ್ಯಗಳ ಮಾತನ್ನು ಸಹಪಾಠಿಗಳ ಮುಂದೆ ಇಡಬೇಕೆಂದಿದ್ದೇನೆ. ಒಂದು ನಮ್ಮ ಮನೆಯ ಗೂಟಕ್ಕೆ ತೂಗುಬಿದ್ದಿರುವ ಚೌಡಿಕೆ. ಇನ್ನೊಂದು ಲಂಡನ್ನಿನ ಹುಡುಗನೊಬ್ಬನ ಬೇಸ್ ಗಿಟಾರು. ಇವೆರಡಕ್ಕೂ ಎತ್ತಣ ನಂಟು ಎಂದು ನಗುವವರು ಸ್ವಲ್ಪ ತಾಳಬೇಕು.

ಚೌಡಿಕೆಯನ್ನು ಎಲ್ಲಮ್ಮನ ಜಾತ್ರೆಗೆ ಹೋದವರೆಲ್ಲ ಬಲ್ಲರು. ಟೊಳ್ಳಾದ ಮರದ ಕೊಳಗ. ಒಂದು ಬಾಯಿಗೆ ತೊಗಲು, ಇನ್ನೊಂದು ತೆರವು. ತೊಗಲಿನ ನಡುವಿನಿಂದ ಹೊರಟ ಒಂದೇ ಒಂದು ತಂತಿ, ಕೊಳಗದ ಪಕ್ಕಕ್ಕೆ ಕಟ್ಟಿದ ಕೋಲಿನ ತುದಿಯ ಬಿರಡೆಗೆ ಹೋಗಿ ಸುತ್ತಿಕೊಳ್ಳುತ್ತದೆ. ಕಂಕುಳಲ್ಲಿ ಇರುಕಿಕೊಂಡು ಸಣ್ಣ ಕಡ್ಡಿಯಿಂದ ಮೀಟಬೇಕು. ಮೀಟಿದೊಡನೆ ಮೊದಲು ‘ಟಣ್’ ಎಂಬ ಏಟು, ಅದರ ಬೆನ್ನಿಗೇ ‘ಝೊಂಯ್’ ಎಂಬ ತಗ್ಗಿನ ಗುಂಗು. ಏಟು ತಾಳಕ್ಕಾಯಿತು, ಗುಂಗು ಶ್ರುತಿಗಾಯಿತು; ಒಂದೇ ತಂತಿ ಇಬ್ಬರ ಕೆಲಸ ಮಾಡುತ್ತದೆ. ಬೇತಾಸುರನನ್ನು ಕೊಂದ ಪರಶುರಾಮನು ಅವನ ದೇಹದಿಂದಲೇ ಇದನ್ನು ಮಾಡಿ ತಾಯಿಗೆ ಒಪ್ಪಿಸಿದನೆಂದು ಜೋಗತಿಯರು ಕಥೆ ಹೇಳುತ್ತಾರೆ.

ನಮ್ಮ ಮನೆಯ ಚೌಡಿಕೆ ಅವ್ವನ ಸೋದರತ್ತೆಯದು. ನಾವು ಹುಡುಗರು ಆಕೆಯನ್ನು ‘ಚೌಡಿಕಿ ಆಯಿ’ ಎಂದೇ ಕರೆಯುತ್ತಿದ್ದೆವು. ಮುತ್ತು ಕಟ್ಟುವುದನ್ನು ತಡೆಯಲು 1934ರಲ್ಲಿ ಮುಂಬಯಿ ಪ್ರಾಂತದಲ್ಲಿ ಒಂದು ಕಾಯಿದೆಯಾಗಿತ್ತು. ಆಗ ನಮ್ಮ ಸೀಮೆ ಆ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. 1982ರಲ್ಲಿ ಕರ್ನಾಟಕದ ಕಾಯಿದೆಯಾಯಿತು. ಈ ಎರಡು ಕಾಯಿದೆಗಳ ನಡುವೆ ಎಂಟು ವರುಷದ ಆಯಿಯ ಕೊರಳಿಗೆ ಮುತ್ತು ಬಿದ್ದಿತು. ಹಾಡು ಆಕೆಗೆ ಅನ್ನ ಕೊಟ್ಟಿತು. ಊರು ಏನು ಕೊಟ್ಟಿತೆಂಬುದನ್ನು ಇಲ್ಲಿ ಬರೆಯಲಾರೆ. ಆಯಿ ತೀರಿಕೊಂಡಾಗ ನಾನು ಪಿಯುಸಿಯಲ್ಲಿದ್ದೆ. ಉಳಿದದ್ದು ಎರಡು ವಸ್ತು: ಮುತ್ತಿನ ಸರ ಮತ್ತು ಚೌಡಿಕೆ.

ನನ್ನ ಅವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೂಲಿಗೆ ಹೋಗುತ್ತಾಳೆ. ನಮ್ಮೂರ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಜಗತ್ತು ಹೊಗಳುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿತು. ಆದರೆ ಸಂಜೆ ಅವ್ವನ ಬೆರಳನ್ನು ಕೇಳಿದರೆ ಖಾರ ಎಷ್ಟೆಂಬುದು ಗೊತ್ತಾಗುತ್ತದೆ. ಆ ಬೆರಳುಗಳಿಂದಲೇ ನನ್ನ ಬಸ್ ಪಾಸು, ಪುಸ್ತಕ, ಪರೀಕ್ಷೆಯ ಶುಲ್ಕ. ಆದುದರಿಂದ ಆಕೆ, “ಕಾಲೇಜಿಗೆ ಹೋಗೂ ಹುಡಿಗಿ ಕೈಯಾಗ ಚೌಡಿಕಿ ಯಾಕವ್ವಾ? ನೋಡಿದ ಮಂದಿ ಏನಂತ ತಿಳಕೊಂಡಾರು? ಎರಡನ್ನೂ ಹೊಳಿಗೆ ಬಿಟ್ಟು ಕೈ ತೊಳಕೊಳ್ಳೂಣು” ಎಂದಾಗ ನಾನು ಉತ್ತರ ಕೊಡಲಿಲ್ಲ. ಆಕೆಯ ಅಂಜಿಕೆ ಬರಿಯ ಅಂಜಿಕೆಯಲ್ಲ, ಕಂಡುಂಡ ಅನುಭವ.

ಬೇಸ್ ಗಿಟಾರು ನನ್ನ ಕಣ್ಣಿಗೆ ಬಿದ್ದದ್ದು ರಾಣೆಬೆನ್ನೂರಿನಲ್ಲಿ. ಅಲ್ಲಿ ನನ್ನ ಸೋದರಮಾವನ ಮಗ ಮದುವೆಗಳಿಗೆ ಧ್ವನಿವರ್ಧಕ ಕಟ್ಟುತ್ತಾನೆ. ಆರ್ಕೆಸ್ಟ್ರಾದವರು ದುರಸ್ತಿಗೆ ಬಿಟ್ಟುಹೋದ ಗಿಟಾರೊಂದು ಅವನ ಅಂಗಡಿಯಲ್ಲಿತ್ತು. ನಾಲ್ಕೇ ತಂತಿ, ಕೊಡ ಹೊತ್ತಷ್ಟು ಭಾರ. ಎಲ್ಲಕ್ಕೂ ದಪ್ಪನೆಯ ತಂತಿಯನ್ನು ಮೀಟಿದೆ. ಡಬ್ಬಿಯ ಮೇಲಿಟ್ಟ ಮೊಳೆಗಳೆಲ್ಲ ಗಿಲಿಗುಟ್ಟಿದವು. “ಇದು ಕಿವಿಗಲ್ಲಕ್ಕಾ, ಎದಿಗೆ ಕೇಳೂದು” ಎಂದ. ನನಗಾದರೋ ಆಯಿಯ ಚೌಡಿಕೆಯೇ ಕೇಳಿದಂತಾಯಿತು: ಮೊದಲು ಏಟು, ಆಮೇಲೆ ಗುಂಗು.

ಆಮೇಲೆ ಓದಿ ತಿಳಿದುಕೊಂಡೆ. ತಂತಿ ಉದ್ದವಾದಷ್ಟು, ದಪ್ಪವಾದಷ್ಟು, ಸಡಿಲಾದಷ್ಟು ದನಿ ಕೆಳಗಿಳಿಯುತ್ತದೆ. ಬೇಸಿನ ಕೆಳತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮೊದಲು ಈ ಕೆಲಸಕ್ಕೆ ಆಳೆತ್ತರದ ಪಿಟೀಲಿನಂಥ ವಾದ್ಯವಿತ್ತು. ಹೊರುವುದು ಕಷ್ಟ, ಗದ್ದಲದಲ್ಲಿ ಅದರ ದನಿ ಕೇಳುವುದೂ ಕಷ್ಟ. 1951ರಲ್ಲಿ ಅಮೆರಿಕದ ಲಿಯೋ ಫೆಂಡರನು ಅದನ್ನು ಕೊರಳಿಗೆ ತೂಗುಹಾಕಿಕೊಳ್ಳುವ ವಿದ್ಯುತ್ ವಾದ್ಯವಾಗಿ ಮಾರಾಟಕ್ಕೆ ತಂದನು. ಕೊರಳ ಪಟ್ಟಿಗೆ ಮೆಟ್ಟಿಲುಗಳನ್ನು ಕೂರಿಸಿದ್ದರಿಂದ ಸ್ವರ ತಪ್ಪುವಂತಿಲ್ಲ. ಅದಕ್ಕೇ ಅದರ ಹೆಸರು ‘ಪ್ರೆಸಿಷನ್ ಬೇಸ್’, ಎಂದರೆ ಕರಾರುವಾಕ್ಕು ಬೇಸ್.

ಈ ವಾದ್ಯವನ್ನು ಹಿಡಿದವರಲ್ಲಿ ಒಬ್ಬನು ಪಾಲ್ ಸಿಮೊನನ್. 1976ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ದಿ ಕ್ಲ್ಯಾಷ್’ ತಂಡದವನು. ಸಂಗೀತ ಕಲಿತವನಲ್ಲ, ಯಾವ ಸ್ವರ ಎಲ್ಲಿದೆಯೆಂದು ವಾದ್ಯದ ಕೊರಳ ಮೇಲೆ ಬಣ್ಣದಲ್ಲಿ ಬರೆದುಕೊಂಡು ಕಲಿತನು. ಅಕ್ಷರ ತಿದ್ದುವ ಮಗು ನೆನಪಾಗುವುದಿಲ್ಲವೆ? ಮೊದಲ ತಲೆಮಾರಿನ ಕಲಿಕೆ ಎಲ್ಲೆಲ್ಲಿಯೂ ಹೀಗೆಯೇ ಇರಬೇಕು. ವಾದ್ಯವನ್ನು ತೊಡೆಯ ತನಕ ಇಳಿಬಿಟ್ಟು, ಬೆರಳಿನ ಬದಲು ಮೀಟುಬಿಲ್ಲೆಯಿಂದ ಬಾರಿಸುತ್ತಿದ್ದನು. ಅದರಿಂದ ಅವನ ದನಿಗೆ ಬುಡದಲ್ಲಿ ಆಳವಿದ್ದೂ ಮೊನೆಯಲ್ಲಿ ಹರಿತವಿತ್ತು. ಬಾಲ್ಯವನ್ನು ಕಳೆದ ಬ್ರಿಕ್ಸ್‌ಟನ್ ಕೇರಿಯಲ್ಲಿ ಕೇಳಿದ ಜಮೈಕಾದ ರೆಗೆ ಸಂಗೀತದಿಂದ ಅವನು ಎಡೆ ಬಿಟ್ಟು ಬಾರಿಸುವುದನ್ನು ಕಲಿತನು. 1979ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ವೇದಿಕೆಯ ಮೇಲೆ ಸಿಟ್ಟಿನಿಂದ ಅವನು ಬೇಸನ್ನು ನೆಲಕ್ಕಪ್ಪಳಿಸಿದ ಚಿತ್ರವನ್ನು ಪೆನ್ನೀ ಸ್ಮಿತ್ ಎಂಬಾಕೆ ತೆಗೆದಳು. ಅದೇ ವರುಷ ಬಂದ ‘ಲಂಡನ್ ಕಾಲಿಂಗ್’ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಆ ಚಿತ್ರವೇ ಇದೆ.

ಅವರ ಸಂಗೀತಕ್ಕೆ ‘ಪಂಕ್’ ಎಂದು ಹೆಸರು. ಅದು ಮೊದಲು ಬೈಗುಳ. ಕೆಲಸಕ್ಕೆ ಬಾರದವ ಎಂದು ಅರ್ಥ. ಬೈದ ಮಾತನ್ನೇ ಅವರು ಹಣೆಗೆ ಹಚ್ಚಿಕೊಂಡು ಮೆರೆದರು. ನಮ್ಮ ಕಡೆ ‘ಜೋಗತಿ’ ಎಂಬುದೂ ಜಗಳದಲ್ಲಿ ಬೀಳುವ ಮಾತೇ. ಅದನ್ನು ಹೆಸರಿನೊಡನೆ ಧರಿಸಿಕೊಂಡೇ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಹೆಣ್ಣಿನ ದನಿ ಹೀಗೆಯೇ ಇರಬೇಕೆಂಬ ಕಟ್ಟನ್ನು ಇವರಿಗಿಂತ ಮುಂಚೆಯೇ ಮುರಿದವರು, ನಮ್ಮ ಜಿಲ್ಲೆಯ ಊರನ್ನು ಹೆಸರಿನಲ್ಲಿ ಹೊತ್ತ ಗಂಗೂಬಾಯಿ ಹಾನಗಲ್ಲರು. ಗಂಟಲಿನ ಚಿಕಿತ್ಸೆಯ ನಂತರ ತಗ್ಗಿದ ಕಂಠವನ್ನೇ ಅವರು ತಮ್ಮ ಗುರುತಾಗಿಸಿಕೊಂಡರು. ಕೆಳಗಿನ ದನಿಗೆ ನಮ್ಮ ಸೀಮೆಯಲ್ಲಿ ಪರಂಪರೆ ಇಲ್ಲವೆನ್ನುವಂತಿಲ್ಲ.

ಆದರೂ ಒಂದು ಮಾತಿದೆ. ಸಿಮೊನನ್ ತನ್ನ ವಾದ್ಯವನ್ನು ಒಡೆಯಬಲ್ಲವನಾಗಿದ್ದನು. ಅಂಥದು ಮತ್ತೆ ಅಂಗಡಿಯಲ್ಲಿ ಸಿಗುತ್ತಿತ್ತು. ಅವನ ಪಾಲಿಗೆ ವಾದ್ಯವು ಆಯ್ಕೆ. ಆಯಿಗೆ ಚೌಡಿಕೆ ಆಯ್ಕೆಯಾಗಿರಲಿಲ್ಲ. ಆದುದರಿಂದ ‘ನಮ್ಮ ಜಾನಪದ ಸಿರಿ’ ಎಂದು ವೇದಿಕೆಯ ಮೇಲೆ ನಿಂತು ಬರಿದೇ ಹೆಮ್ಮೆ ಪಡಲು ನನ್ನಿಂದಾಗದು. ಹೊಳೆಗೆ ಬಿಡಲೂ ಮನಸ್ಸಾಗದು. ಕಟ್ಟಿದ್ದು ಮುತ್ತು, ತಂತಿಯಲ್ಲ. ತನ್ನದೆಂದು ಹೇಳಿಕೊಳ್ಳಲು ಆಯಿಗೆ ಇದ್ದ ಒಂದೇ ಸ್ವತ್ತು ಆ ದನಿ.

ಇದನ್ನೆಲ್ಲ ಅವ್ವನಿಗೆ ಹೇಳುವ ಬಗೆ ನನಗೆ ತಿಳಿಯಲಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ, ತಂಪಿಗೆ ಜೋತುಬಿದ್ದ ತೊಗಲನ್ನು ಒಲೆಯ ಕಾವಿಗೆ ಹಿಡಿದು, ಬಿರಡೆ ತಿರುವಿ, ಒಂದು ಸಲ ಮೀಟಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬೈಯುವಳೆಂದುಕೊಂಡೆ. ಆಕೆ ತಿರುಗಿ ನೋಡಲೂ ಇಲ್ಲ, “ಬಾಳ ಬಿಗಿ ಆತು. ಒಂದೀಟು ಸಡ್ಲ ಬಿಡು. ನಮ್ಮತ್ತೀದು ಇನ್ನೂ ತೆಳಗಿತ್ತು” ಎಂದಳು. ಸಡಿಲಿಸಿ ಮೀಟಿದೆ. ರೊಟ್ಟಿಯ ಸಪ್ಪಳ ಒಂದು ಗಳಿಗೆ ನಿಂತಿತು. “ಹಾಂ, ಅದ ನೋಡು” ಎಂದಳು. ಇಷ್ಟು ವರುಷ ಬೇಡವೆಂದವಳ ಕಿವಿಯಲ್ಲಿ ಆ ಶ್ರುತಿ ಕೂದಲೆಳೆಯಷ್ಟೂ ಕದಲದೆ ಕುಳಿತಿತ್ತು!

ಆಮೇಲೆ ತಾಯಿ-ಮಗಳು ಕೂಡಿ ಒಂದು ತೀರ್ಮಾನಕ್ಕೆ ಬಂದೆವು. ನನ್ನ ಕೊನೆಯ ಪರೀಕ್ಷೆ ಮುಗಿದ ಮೇಲೆ ತುಂಗಭದ್ರೆಗೆ ಹೋಗುವುದು. ಮುತ್ತಿನ ಸರ ಹೊಳೆಗೆ, ಚೌಡಿಕೆ ಮನೆಗೆ.