ಕಚ್ಚುವ ಲ್ಯಾಪ್‌ಟಾಪು, ಚಿತ್ರದುಗರ್ ಜಿಲ್ಲೆ

ನಮ್ಮ ಮನೆಗೆ ಯಾವ ಹೊಸ ಯಂತ್ರ ಬಂದರೂ ಮೊದಲು ಕುಂಕುಮ ಬೀಳುತ್ತದೆ, ಆಮೇಲೆ ಅನುಮಾನ. ಮಿಕ್ಸಿ, ವಾಷಿಂಗ್ ಮೆಷೀನು, ಯುಪಿಎಸ್ಸು ಎಲ್ಲ ಈ ಕ್ರಮದಲ್ಲೇ ಒಳಗೆ ಬಂದವು. ಚಿತ್ರದುರ್ಗದ ಬಿ.ಡಿ. ರಸ್ತೆಯಿಂದ ಹೊಸದುರ್ಗದವರೆಗೆ ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದ ಲ್ಯಾಪ್‌ಟಾಪು ಮಾತ್ರ ಈ ಕ್ರಮ ಕೆಡಿಸಿತು. ಚಾರ್ಜಿಗೆ ಹಾಕಿ ಸ್ವಲ್ಪ ಹೊತ್ತಾಗಿತ್ತು. ಕುಂಕುಮದ ಬೆರಳನ್ನು ಅದರ ಬೆನ್ನಿಗೆ ಮುಟ್ಟಿಸಿದ ಅಮ್ಮ ಸರಕ್ಕನೆ ಕೈ ಎಳೆದುಕೊಂಡು, "ಇದು ಕಚ್ಚುತ್ತೆ ಕಣೇ" ಅಂದರು.

ನಾನೂ ಮುಟ್ಟಿ ನೋಡಿದೆ. ಶಾಕ್ ಅನ್ನುವಷ್ಟಲ್ಲ, ಅಲ್ಯೂಮಿನಿಯಂ ಮೈಯ ಮೇಲೆ ಬೆರಳಾಡಿಸಿದರೆ ಸಣ್ಣಗೆ ಜುಮ್ಮೆನ್ನುತ್ತಿತ್ತು. ಅದರ ಜೊತೆಗೆ ಟಚ್‌ಪ್ಯಾಡಿನ ಮೇಲೆ ಬೆರಳಿಟ್ಟರೆ ಕರ್ಸರು ಪರದೆಯ ಈ ಮೂಲೆಯಿಂದ ಆ ಮೂಲೆಗೆ ತಾನೇ ನೆಗೆಯುತ್ತಿತ್ತು. ಚಾರ್ಜರು ಕಿತ್ತರೆ ಎರಡು ಚೇಷ್ಟೆಯೂ ಬಂದ್. ಬೆಂಗಳೂರಿನಲ್ಲಿರುವ ತಂಗಿಯ ಮಗ ಫೋನಿನಲ್ಲೇ ವೈದ್ಯ ಶುರು ಮಾಡಿದ. "ದೊಡ್ಡಮ್ಮ, ಡ್ರೈವರ್ ಅಪ್‌ಡೇಟ್ ಮಾಡಿ." ಮಾಡಿದೆ. "ವಿಂಡೋಸ್ ರೀಸೆಟ್ ಮಾಡಿ." ಅದೂ ಆಯಿತು. ಸಹಾಯವಾಣಿಯ ಹುಡುಗಿ ಬಹಳ ವಿನಯದಿಂದ ರೀಸ್ಟಾರ್ಟ್ ಮಾಡಿಸಿದಳು. ಪವರ್ ಬಟನ್ ಒತ್ತಿ ಹಿಡಿಯಿರಿ ಎಂದಳು, ಹಿಡಿದೆ. ಪ್ಲಗ್ ಎಲ್ಲಿಗೆ ಹಾಕಿದ್ದೀರಿ ಎಂದು ಮಾತ್ರ ಯಾರೂ ಕೇಳಲಿಲ್ಲ.

ಸರ್ವಿಸ್ ಸೆಂಟರಿಗೆ ಒಯ್ದರೆ ಅಲ್ಲಿ ಅದು ಪರಮ ಸಾಧು. ಚಾರ್ಜಿಗೆ ಹಾಕಿ, ಮುಟ್ಟಿ, ತಟ್ಟಿ, ತಿರುಗಿಸಿ ನೋಡಿದರು. ಕರ್ಸರು ಹೇಳಿದಂತೆ ಕೇಳಿತು. 'ದೋಷ ಕಂಡುಬಂದಿಲ್ಲ' ಎಂದು ಚೀಟಿ ಬರೆದು, ನನ್ನನ್ನೇ ಒಮ್ಮೆ ಮೇಲಿಂದ ಕೆಳಗೆ ನೋಡಿ ಕಳಿಸಿದರು. ಹಲ್ಲು ನೋವೆಂದು ಡಾಕ್ಟರ ಬಳಿ ಹೋದಾಗ ನೋವು ನಿಂತುಬಿಡುತ್ತದಲ್ಲ, ಹಾಗಾಯಿತು.

ಆ ವಾರ ಹಿರಿಯೂರಿನ ತಂಗಿಯ ಮನೆಗೂ ಲ್ಯಾಪ್‌ಟಾಪು ಬಂತು. ವಾಣಿವಿಲಾಸ ಸಾಗರದ ನಾಲೆಯ ನೀರು ಕುಡಿದು ಬೆಳೆದ ತೋಟದಲ್ಲಿ ಈಚೆಗೆ ಕಟ್ಟಿಸಿದ ಮನೆ ಅದು. ಅಲ್ಲೂ ಕಚ್ಚಲಿಲ್ಲ. ತಂಗಿಗೆ ಇಷ್ಟೇ ಸಾಕಾಯಿತು. "ನಮ್ಮ ಕಡೆ ನೆಲದಾಗೆ ನೀರೈತೆ ಅಕ್ಕಾ, ನಿಮ್ದು ಬರೀ ಕಲ್ಲು" ಅಂದಳು. 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್ ಆಗಬೇಕಾಯಿತು. ಅಲ್ಲಿಂದೀಚೆಗೆ ಹಿರಿಯೂರಿನವರು ಮಾವಿನ ರುಚಿಯಿಂದ ಮಕ್ಕಳ ಮಾರ್ಕ್ಸಿನವರೆಗೆ ಎಲ್ಲಕ್ಕೂ ಕೋಡಿಯನ್ನೇ ಕಾರಣ ಹೇಳುತ್ತಾರೆ. ಲ್ಯಾಪ್‌ಟಾಪನ್ನೂ ಆ ಲೆಕ್ಕಕ್ಕೆ ಸೇರಿಸಿದರು.

ಗುಟ್ಟು ಬಿಡಿಸಿದ್ದು ನಮ್ಮ ಮನೆಯ ಫ್ಯಾನು ರಿಪೇರಿಗೆ ಹೊಳಲ್ಕೆರೆಯಿಂದ ಬರುವ ವೈರಿಂಗ್ ಕೆಲಸದವರು. ಅವರು ಲ್ಯಾಪ್‌ಟಾಪಿನ ಕಡೆ ನೋಡಲೂ ಇಲ್ಲ. ಹೋಲ್ಡರಿಗೆ ಸಿಕ್ಕಿಸಿದ ಒಂದು ಬಲ್ಬು, ಎರಡು ವೈರು, ಅಷ್ಟೇ ಅವರ ಸಲಕರಣೆ. ಫೇಸಿಗೂ ನ್ಯೂಟ್ರಲ್ಲಿಗೂ ಹಿಡಿದರು, ಬಲ್ಬು ಉರಿಯಿತು. ಫೇಸಿಗೂ ಮೇಲಿನ ದಪ್ಪ ಪಿನ್ನಿನ ತೂತಿಗೂ ಹಿಡಿದರು, ಕತ್ತಲೆ.

"ಅಕ್ಕಾ, ನಿಮ್ಮ ಲ್ಯಾಪ್‌ಟಾಪು ಚೆನ್ನಾಗೈತೆ. ನಿಮ್ಮ ಮನೆಗೇ ಅರ್ತಿಂಗ್ ಇಲ್ಲ."

"ಇದೆಯಣ್ಣಾ, ಅಪ್ಪ ಮನೆ ಕಟ್ಟಿಸುವಾಗ ಹಿತ್ತಲಲ್ಲಿ ಗುಂಡಿ ತೆಗೆಸಿದ್ದರು."

"ನೀರು ಹಾಕಿದ್ದು ಯಾವಾಗ?"

ಅದಕ್ಕೆ ಉತ್ತರ ಕೊಡಬೇಕಾದವರು ಅಪ್ಪ. ಅವರು ಪೇಪರ್ ಮಡಚಿ ಓದುತ್ತಿದ್ದರು, ಓದುತ್ತಲೇ ಇದ್ದರು. ಗುಂಡಿಯ ಮೇಲೆ ಈಗ ತುಳಸಿಕಟ್ಟೆಯ ಮೆಟ್ಟಿಲು. ಮಗ್ಗುಲಿಂದ ಅಗೆದರೆ ಇದ್ದಲು ಸಿಕ್ಕಿತು, ಉಪ್ಪು ಕರಗಿ ಹೋಗಿತ್ತು. ಪೈಪಿಗೆ ಬಿಗಿದಿದ್ದ ತಂತಿ ಕ್ಲಾಂಪಿನ ಹತ್ತಿರ ತುಕ್ಕು ತಿಂದು ತುಂಡಾಗಿತ್ತು. ಉಪ್ಪು ಮಣ್ಣಿನಲ್ಲಿ ತೇವ ಹಿಡಿದಿಟ್ಟು ಕರೆಂಟಿಗೆ ದಾರಿ ಮಾಡಿಕೊಡುತ್ತದೆ, ಅದೇ ಉಪ್ಪು ಕಬ್ಬಿಣವನ್ನೂ ತಿನ್ನುತ್ತದೆ. ತಂಗಿಯ ವಾದವನ್ನು ವೈರಿಂಗ್ ಕೆಲಸದವರ ಮುಂದಿಟ್ಟೆ. ನಕ್ಕರು. ಲ್ಯಾಪ್‌ಟಾಪಿನ ಚೂರುಪಾರು ಕರೆಂಟಿಗೆ ದುರ್ಗದ ಒಣ ನೆಲವೂ ಸಾಕಂತೆ, ತಂತಿ ನೆಲ ಮುಟ್ಟಿರಬೇಕು ಅಷ್ಟೇ. ಹಿರಿಯೂರಿನ ಮನೆಯ ವೈರಿಂಗ್ ಹೊಸದು, ಕೋಡಿಯ ಪಾತ್ರ ಏನೂ ಇಲ್ಲ.

ಆಮೇಲೆ ಓದಿಕೊಂಡೆ. 230 ವೋಲ್ಟಿನ ಎಸಿಯನ್ನು ಹತ್ತೊಂಬತ್ತು ಇಪ್ಪತ್ತು ವೋಲ್ಟಿನ ಡಿಸಿಗೆ ಇಳಿಸಲು ಚಾರ್ಜರು ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸುತ್ತದೆ. ಆ ಗಲಾಟೆ ಹೊರಗೆ ಬಂದು ರೇಡಿಯೋ, ಟೀವಿ ಕೆಡಿಸದಂತೆ ಒಳಗೆ ಪುಟ್ಟ ಕೆಪಾಸಿಟರುಗಳಿರುತ್ತವೆ. ಅವುಗಳ ಮೂಲಕ ಒಂದಿಷ್ಟು ಸೋರಿಕೆ ಆಗಿಯೇ ಆಗುತ್ತದೆ, ಅದು ಅರ್ತಿಂಗ್ ತಂತಿ ಹಿಡಿದು ನೆಲ ಸೇರಬೇಕು. ದಾರಿ ಕಟ್ಟಿದ್ದರೆ ಲೋಹದ ಮೈಮೇಲೇ ನಿಲ್ಲುತ್ತದೆ. ಅಳೆದರೆ ನೂರು ವೋಲ್ಟಿನ ಆಸುಪಾಸು ತೋರಿಸಬಹುದು, ಹರಿಯುವ ಕರೆಂಟು ಮಾತ್ರ ಒಂದು ಮಿಲಿಆಂಪಿಯರಿಗೂ ಕಡಿಮೆ. ಟಚ್‌ಪ್ಯಾಡು ಬೆರಳನ್ನು ಗುರುತಿಸುವುದು ಇಂಥದೇ ಸೂಕ್ಷ್ಮ ವಿದ್ಯುತ್ತಿನ ಏರುಪೇರಿನಿಂದ. ಮೈತುಂಬ ಸೋರಿಕೆ ಇರುವಾಗ ಬೆರಳು ಯಾವುದು, ಸದ್ದು ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ.

ಹಾಗಾದರೆ ಹಳೆಯ ಲ್ಯಾಪ್‌ಟಾಪು ಇದೇ ಮನೆಯಲ್ಲಿ ವರ್ಷಗಟ್ಟಲೆ ಯಾಕೆ ಕಚ್ಚಲಿಲ್ಲ? ಅದರ ಮೈ ಪ್ಲಾಸ್ಟಿಕ್ಕಿನದು. ಸೋರಿಕೆ ಆಗಲೂ ಇದ್ದಿರಬೇಕು, ಚರ್ಮಕ್ಕೆ ತಾಗುತ್ತಿರಲಿಲ್ಲ. ಇಂಥ ಯಂತ್ರಗಳ ಮೈ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. 1981ರ ಆಸ್ಬಾರ್ನ್ 1 ಎಂಬ, ಎತ್ತಿಕೊಂಡು ಹೋಗಬಹುದಾದ ಕಂಪ್ಯೂಟರಿನ ತೂಕ ಸುಮಾರು 11 ಕಿಲೋ. ಬ್ಯಾಟರಿ ಇಲ್ಲ, ಹೋದಲ್ಲೆಲ್ಲ ಗೋಡೆಯ ಪ್ಲಗ್ಗು ಹುಡುಕಬೇಕು. ಮರುವರ್ಷ ಬಂದ ಗ್ರಿಡ್ ಕಂಪಸ್ ಇಂದಿನ ಲ್ಯಾಪ್‌ಟಾಪಿನ ಹಾಗೇ ಮಡಚಿಕೊಳ್ಳುತ್ತಿತ್ತು, ಮೈ ಮೆಗ್ನೀಸಿಯಂ ಲೋಹದ್ದು. ನಡುವೆ ಬಹುಕಾಲ ಪ್ಲಾಸ್ಟಿಕ್ಕು ಆಳಿತು. ಈಗ ತೆಳುವು, ಹೊಳಪು ಬೇಕೆಂದು ಮತ್ತೆ ಲೋಹ. ಚೆಂದಕ್ಕೆಂದು ತಂದ ಅಲ್ಯೂಮಿನಿಯಂ ನಮ್ಮ ಹಿತ್ತಲಿನ ಗುಂಡಿಯ ಸಮಾಚಾರ ಹೇಳಿತು. ಗೀಸರು ಕೆಟ್ಟು ಹೇಳಿದ್ದರೆ ಜುಮ್ಮೆನ್ನಿಸಿ ಸುಮ್ಮನಾಗುತ್ತಿರಲಿಲ್ಲ.

ಎರಡನೆಯ ದೂರು ಅಪ್ಪನದು. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ನಿವೃತ್ತಿಯಾದ ಮೇಲೆ ಜಿಲ್ಲೆಯ ಕೆರೆಗಳ ಬಗ್ಗೆ ತಾಲ್ಲೂಕುವಾರು ಟಿಪ್ಪಣಿ ಮಾಡಿ, ಹಳೆಯ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದಲ್ಲಿ ತಾವೇ ಟೈಪು ಮಾಡಿದ್ದರು. ಪೆನ್‌ಡ್ರೈವಿನಿಂದ ಹೊಸ ಲ್ಯಾಪ್‌ಟಾಪಿಗೆ ಹಾಕಿ ತೆರೆದರೆ ಒಂದೂ ಕನ್ನಡ ಅಕ್ಷರವಿಲ್ಲ. ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಬ್ರಿಟನ್ನಿನ ಪೌಂಡಿನ ಗುರುತು. 'ನಾನು', 'ನಮ್ಮ' ಎರಡರಲ್ಲೂ ಪೌಂಡು.

"ನನ್ನ ಕೆರೆಗೆಲ್ಲ ಯಾರೋ ಬೆಲೆ ಕಟ್ಟಿದ್ದಾರಲ್ಲಮ್ಮ" ಅಂದರು ಅಪ್ಪ.

ವಿಷಯ ಇಷ್ಟು. ಆ ಕಾಲದ ಫಾಂಟಿನಲ್ಲಿ ಇದ್ದದ್ದು 256 ಮನೆಗಳು ಮಾತ್ರ. ಗುಣಿತ, ಒತ್ತು, ಸಂಯುಕ್ತಾಕ್ಷರ ಎಲ್ಲವನ್ನೂ ಅಷ್ಟರಲ್ಲಿ ಕೂಡಿಸಲಾಗದೆ ಕನ್ನಡವನ್ನು ತುಂಡು ಮಾಡಿ, ಇಂಗ್ಲಿಷ್ ಅಕ್ಷರಗಳು ಕೂತಿದ್ದ ಮನೆಗಳಲ್ಲೇ ತಂದು ಕೂರಿಸಿದರು. ಕ ಅಕ್ಷರದ ತುಂಡು ದೊಡ್ಡ 'ಪಿ' ಮನೆಯಲ್ಲಿ, ನ ಅಕ್ಷರದ್ದು ಪೌಂಡಿನ ಮನೆಯಲ್ಲಿ. ನುಡಿಯ ಫಾಂಟು ಇರುವ ಯಂತ್ರ ಅದನ್ನು ಕನ್ನಡವೆಂದು ಚಿತ್ರಿಸುತ್ತದೆ, ಇಲ್ಲದ್ದು ಪೌಂಡೆಂದೇ ತೋರಿಸುತ್ತದೆ. ಶ್ರೀಲಿಪಿ, ಆಕೃತಿ ಹೀಗೆ ಒಬ್ಬೊಬ್ಬರದು ಒಂದೊಂದು ಹಂಚಿಕೆ. ಒಂದು ಡಿಟಿಪಿ ಅಂಗಡಿಯ ಲಗ್ನಪತ್ರಿಕೆ ಪಕ್ಕದ ಅಂಗಡಿಯಲ್ಲಿ ತೆರೆಯುತ್ತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಕನ್ನಡ ಗಣಕ ಪರಿಷತ್ತು ಎಲ್ಲರಿಗೂ ಒಂದೇ ಸಂಕೇತ ಇರಲೆಂದು ದುಡಿದು ನುಡಿಯನ್ನು ಕೊಟ್ಟಿತು. ಈಗಿನ ಯುನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಜಾಗವಿದೆ. ಆದರೆ ವಿಂಡೋಸಿನೊಳಗೆ ಕನ್ನಡ ಸರಿಯಾಗಿ ಕಾಲಿಟ್ಟದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಫಾಂಟಿನೊಂದಿಗೆ. ಅಷ್ಟರಲ್ಲಿ ನಾಡಿನ ತುಂಬ ಪೌಂಡಿನ ಕನ್ನಡ ಪೆಟ್ಟಿಗೆಗಟ್ಟಲೆ ತುಂಬಿಕೊಂಡಿತ್ತು.

ನಾನು ಇದನ್ನೆಲ್ಲ ವಿವರಿಸಿದರೆ ಅಪ್ಪನಿಗೆ ಅಚ್ಚರಿಯೇ ಆಗಲಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನವನ್ನು ನೆನಪಿಸಿದರು. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಆ ಬಂಡೆಯ ಬರಹವೆಲ್ಲ ಬ್ರಾಹ್ಮಿಯಲ್ಲಿದೆ. ಬರೆದ ಚಪಡ ಮಾತ್ರ ಕೊನೆಯಲ್ಲಿ ತಾನು ಲಿಪಿಕಾರ ಎಂಬ ಒಂದು ಮಾತನ್ನು ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ವಾಯವ್ಯದ, ಬಲದಿಂದ ಎಡಕ್ಕೆ ಓದುವ ಲಿಪಿ ಅದು. "ನಮ್ಮ ಜಿಲ್ಲೆಯಲ್ಲಿ ಆ ಒಂದು ಪದ ಓದಬಲ್ಲವರು ಅವತ್ತು ಎಷ್ಟು ಜನ ಇದ್ದರೋ" ಎಂದು ಕನ್ನಡಕ ಒರೆಸಿಕೊಂಡರು.

ಪರಿವರ್ತಕ ತಂತ್ರಾಂಶಕ್ಕೆ ಫೈಲು ಕೊಟ್ಟೆ. ಕೆರೆಗಳು ಕನ್ನಡಕ್ಕೆ ಮರಳಿದವು, ಆದರೆ ನಮ್ಮ ಜಿಲ್ಲೆ 'ಚಿತ್ರದುಗರ್', ನಮ್ಮ ತಾಲ್ಲೂಕು 'ಹೊಸದುಗರ್' ಎಂದಾಯಿತು. ಎಲ್ಲ ಪರಿವರ್ತಕಗಳೂ ಹೀಗೆ ಮಾಡುವುದಿಲ್ಲ, ನನಗೆ ಮೊದಲು ಸಿಕ್ಕಿದ್ದು ಮಾಡಿತು. ತಪ್ಪು ಅರ್ಕಾವತ್ತಿನದು. 'ದುರ್ಗ' ಎನ್ನುವಾಗ ಬಾಯಿ ರ್ ಅನ್ನು ಮೊದಲು ಹೇಳಿ ಗ ಅನ್ನು ಆಮೇಲೆ ಹೇಳುತ್ತದೆ, ಯುನಿಕೋಡೂ ಹಾಗೇ ಇಟ್ಟುಕೊಳ್ಳುತ್ತದೆ. ಹಳೆಯ ಫಾಂಟು ಕಣ್ಣಿಗೆ ಕಂಡ ಸಾಲಿನಲ್ಲಿ, ಗ ಮೊದಲು, ಅರ್ಕಾವತ್ತು ಆಮೇಲೆ ಎಂದು ಇಟ್ಟಿರುತ್ತದೆ. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ತಂದು ಕೂರಿಸಬೇಕು. ಹಿರಿಯೂರಿಗೆ ಆ ತೊಂದರೆ ಇಲ್ಲ, ಇದೂ ಕೋಡಿಯ ಮಹಿಮೆಯೇ ಎಂದು ತಂಗಿಗೆ ಫೋನು ಮಾಡಿ ಹೇಳಿದೆ. ಅಪ್ಪ ಇಂಗ್ಲಿಷಿನಲ್ಲಿ ಪಿಡಬ್ಲ್ಯುಡಿ ಎಂದು ಹೊಡೆದಿದ್ದಲ್ಲೆಲ್ಲ ಉಚ್ಚರಿಸಲಾಗದ ಅಕ್ಷರದ ಚೂರುಗಳಿದ್ದವು. ಇಂಗ್ಲಿಷಿನ 'ಪಿ' ಯಾವುದು, ಕ ಆಗಬೇಕಾದ 'ಪಿ' ಯಾವುದು ಎಂಬುದು ಪಾಪ ಅದಕ್ಕೆ ಹೇಗೆ ಗೊತ್ತಾಗಬೇಕು.

ಸರಿಪಡಿಸಲು ಅಪ್ಪನೇ ಕೂತರು. ಅಲ್ಲಿಗೆ ಇನ್ನೊಂದು ರಗಳೆ. 'ಕ್ಕ' ಹೊಡೆದರೆ 'ಕಿಕ' ಬರುತ್ತಿತ್ತು. ಅಪ್ಪನ ಬೆರಳಿಗೆ ಅಭ್ಯಾಸವಾಗಿದ್ದದ್ದು ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಿಂದ ಬಂದ ಕೀಲಿಮಣೆ. ಇಂಗ್ಲಿಷ್ ಕೀಲಿಯ ಸದ್ದಿಗೆ ಹತ್ತಿರದ ಕನ್ನಡ ಅಕ್ಷರ, ಒತ್ತಿಗೆ 'ಎಫ್'. ಲ್ಯಾಪ್‌ಟಾಪಿನಲ್ಲಿ ತಾನಾಗಿ ಬಂದಿದ್ದದ್ದು ಭಾರತದ ಹಲವು ಲಿಪಿಗಳಿಗೆ ಒಂದೇ ಜೋಡಣೆಯ ಇನ್‌ಸ್ಕ್ರಿಪ್ಟ್. ಅದರಲ್ಲಿ 'ಎಫ್' ಅಂದರೆ ಗುಡಿಸು. ಯೋಚನೆ ಒಳ್ಳೆಯದೇ, ಎಪ್ಪತ್ತು ದಾಟಿದ ಬೆರಳಿಗೆ ಹೊಸ ಪಾಠ ಹೇಳಲು ಮಾತ್ರ ನನಗೆ ಧೈರ್ಯವಿಲ್ಲ. ನುಡಿ ಹಾಕಿಸಿ ಯುನಿಕೋಡಿಗೆ ತಿರುಗಿಸಿದೆ.

ಈಗ ದಿನಾ ಬೆಳಿಗ್ಗೆ ಅರ್ತಿಂಗಿಗೆಂದು ತೆಗೆಸಿದ ಹೊಸ ಗುಂಡಿಗೆ ಒಂದು ಬಕೆಟ್ ನೀರು ಹಾಕಿ ಅಪ್ಪ ತಿದ್ದಲು ಕೂರುತ್ತಾರೆ. ತಿದ್ದಿದ್ದು ಸರಿಯಾದ ಮೇಲೆ ಪೌಂಡಿನ ಫೈಲನ್ನು ಅಳಿಸಿಬಿಡಲೇ ಎಂದು ಕೇಳಿದೆ. ಬೇಡವೇ ಬೇಡ ಎಂದರು. ಶಾಸನ ಓದಿದವರು ತಮ್ಮ ಪಾಠ ಅಚ್ಚಾದ ಮೇಲೂ ಬಂಡೆಯಿಂದ ತೆಗೆದ ಮಸಿಯ ಪಡಿಯಚ್ಚನ್ನು ಇಟ್ಟುಕೊಂಡಿರುತ್ತಾರಂತೆ, ಓದಿದ್ದು ತಪ್ಪೆಂದು ನಾಳೆ ಯಾರಾದರೂ ತಗಾದೆ ತೆಗೆದರೆ ಬೇಕಾಗುತ್ತದೆಂದು. ಅಂಥ ತಗಾದೆ ಆಗಲೇ ಶುರುವಾಗಿದೆ. ಹೊಳಲ್ಕೆರೆ ತಾಲ್ಲೂಕಿನ ಒಂದು ಕೆರೆಯ ಹೆಸರು ಪರಿವರ್ತಕದಿಂದ ಕೆಟ್ಟಿತೋ, ಅಪ್ಪ ಮೊದಲೇ ತಪ್ಪು ಹೊಡೆದಿದ್ದರೋ ಎಂದು ಅಪ್ಪ ಅಮ್ಮನ ನಡುವೆ ವಾದ ನಡೆದಿದೆ. ಅಮ್ಮನ ತವರು ಹೊಳಲ್ಕೆರೆ ಕಡೆಯದು.