ಪಣಜಿಯ ಉರ್ರಾಕು, ಗೋಗಿಯ ಸೇಂದಿ

ನಮ್ಮೂರು ಗೋಗಿ. ಶಹಾಪುರ ತಾಲೂಕು, ಯಾದಗಿರಿ ಜಿಲ್ಲೆ. ಪೇಪರಿನಲ್ಲಿ ನಮ್ಮೂರ ಹೆಸರು ಬಂದರೆ ಅದು ಹೆಚ್ಚಾಗಿ ಯುರೇನಿಯಂ ಸುದ್ದಿಗೆ. ಆದರೆ ನಮ್ಮೂರಿನ ಚಂದಾ ಹುಸೇನಿ ದರ್ಗಾದ ಬಳಿ ವಿಜಾಪುರದ ಮೊದಲ ನಾಲ್ಕು ಸುಲ್ತಾನರ ಗೋರಿಗಳಿವೆ ಅಂದರೆ ನಂಬುವವರು ಕಮ್ಮಿ. ಯೂಸುಫ್, ಇಸ್ಮಾಯಿಲ್, ಮಲ್ಲು, ಇಬ್ರಾಹಿಂ. ಗೋಳಗುಮ್ಮಟ ನೋಡಲು ಹೋಗುವವರು ಯಾರೂ ಇತ್ತ ತಲೆ ಹಾಕಲ್ಲ, ಇರ್ಲಿ.

ಈ ಯೂಸುಫ್ ಆದಿಲ್ ಶಾಹನ ಇನ್ನೊಂದು ಮನೆ ಪಣಜಿಯಲ್ಲಿದೆ. ಮಾಂಡೋವಿ ನದಿಯ ದಂಡೆಯಲ್ಲಿ ಅವನು ಕಟ್ಟಿಸಿದ ಬೇಸಿಗೆ ಅರಮನೆ. 1510ರಲ್ಲಿ ಅಲ್ಬುಕರ್ಕ್ ಗೋವಾ ಹಿಡಿದ, ಕೆಲವೇ ತಿಂಗಳಲ್ಲಿ ಕಳೆದುಕೊಂಡ, ನವೆಂಬರಿನಲ್ಲಿ ಮತ್ತೆ ಹಿಡಿದ. ಅದೇ ವರ್ಷ ಯೂಸುಫ್ ತೀರಿಕೊಂಡು ನಮ್ಮೂರ ಮಣ್ಣಿಗೆ ಬಂದ. ಅರಮನೆಯಲ್ಲಿ ಮುಂದೆ ಪೋರ್ಚುಗೀಸ್ ವೈಸರಾಯ್‌ಗಳು ಇದ್ದರು. 1843ರಲ್ಲಿ ಪಣಜಿಯೇ ಪೋರ್ಚುಗೀಸ್ ಇಂಡಿಯಾದ ರಾಜಧಾನಿಯಾಯಿತು. ಗೋವಾ ವಿಮೋಚನೆಯ ನಂತರ ಇದೇ ಕಟ್ಟಡದಲ್ಲಿ ವಿಧಾನಸಭೆಯೂ ಸೇರುತ್ತಿತ್ತು, 2000ದಲ್ಲಿ ಪೊರ್ವೊರಿಮ್‌ಗೆ ಹೋಗುವವರೆಗೆ. ನಾನು ಏಪ್ರಿಲ್ ಬಿಸಿಲಲ್ಲಿ ಪಣಜಿಗೆ ಹೋಗಿದ್ದು ಮುಖ್ಯವಾಗಿ ಇದನ್ನು ನೋಡೋಕೆ. ಗೋರಿ ನಮ್ಮಲ್ಲಿ, ಮನೆ ಅಲ್ಲಿ. ಒಂದು ಥರಾ ನೆಂಟಸ್ತಿಕೆ ಅಲ್ವಾ :-)

ಅರಮನೆ ನೋಡಿ ಆಯ್ತು. ಆಮೇಲೆ ಫೊಂಟೈನ್ಹಾಸ್ ಗಲ್ಲಿಗಳಲ್ಲಿ ಸುತ್ತಿದೆ. ಹಳದಿ, ನೀಲಿ, ಕೆಂಪು ಗೋಡೆಯ ಮನೆಗಳು, ಚಿಕ್ಕ ಚಿಕ್ಕ ಬಾಲ್ಕನಿಗಳು. ಜೊತೆಗಿದ್ದ ಗೆಳೆಯ ಬೆಂಗಳೂರಿನವ. 2010ರಲ್ಲಿ ಟಾಯ್ಟ್ ತೆರೆದಾಗಿನಿಂದ ಇಂದಿರಾನಗರದ ಬಿಯರ್ ಕುಡಿದು ಬೆಳೆದವನು. ಅವನಿಗೆ ಗೋವಾದ ಕ್ರಾಫ್ಟ್ ಬಿಯರ್ ಬೇಕಿತ್ತು. 'ಎಯ್ಟ್ ಫಿಂಗರ್ ಎಡ್ಡಿ' ಅನ್ನೋ ಹೆಸರಿನ ಬಿಯರ್ ತರಿಸಿದ. ಅಂಜುನಾದಲ್ಲಿ ಇದ್ದ ಎಂಟು ಬೆರಳಿನ ಒಬ್ಬ ಹಿಪ್ಪಿಯ ಹೆಸರಂತೆ ಅದು. ಕಹಿ ಅಂದ್ರೆ ಕಹಿ, ಹಾಗಲಕಾಯಿ ಗೊಜ್ಜಿನ ನೆನಪಾಯ್ತು.

ಎರಡನೇ ಬಾರು ಇನ್ನೂ ಚಿಕ್ಕದು. ನಾಲ್ಕು ಮೇಜು, ಮರದ ಕಪಾಟು, ಗೋಡೆಗೆ ಒಂದು ಶಿಲುಬೆ. ಅಲ್ಲಿ ನನಗೆ ಕೊಟ್ಟಿದ್ದು ಉರ್ರಾಕು. ಗ್ಲಾಸಿಗೆ ಲಿಮ್ಕಾ, ನಿಂಬೆ, ಉಪ್ಪು, ಮಧ್ಯೆ ಸೀಳಿದ ಒಂದು ಹಸಿಮೆಣಸಿನಕಾಯಿ. ಕುಡಿದರೆ ಗೇರುಹಣ್ಣಿನ ವಾಸನೆ ಮೂಗಿಗೇ ಹೊಡೆಯುತ್ತೆ.

ಸುರಿದು ಕೊಟ್ಟ ಹುಡುಗ ನಮ್ಮ ಮಾತು ಕೇಳಿ ಹತ್ತಿರ ಬಂದ.

"ಯಾವೂರ್ರಿ ಅಣ್ಣಾರ?"

"ಗೋಗಿ."

"ಅಯ್ಯ, ನಮ್ದು ಕೆಂಭಾವಿ ರೀ!"

ಕೆಂಭಾವಿ ಸುರಪುರದ ಕಡೆ. ನಮಗೆ ಪಕ್ಕದ ಊರಿದ್ದಂಗೆ. ಅಷ್ಟು ದೂರ ಹೋಗಿ ನಮ್ಮ ಭಾಷೆ ಕೇಳಿದರೆ ಆಗುವ ಖುಷಿ ನಿಮಗೆಲ್ಲ ಗೊತ್ತೇ ಇದೆ. ಗೋವಾ ತುಂಬ ನಮ್ಮ ಕಡೆಯವರು ಇದಾರೆ. ರಸ್ತೆ, ಕಟ್ಟಡ, ಹೋಟೆಲು, ಎಲ್ಲಾ ಕಡೆ.

ಉರ್ರಾಕು ಹೇಗೆ ಆಗುತ್ತೆ ಅಂತ ಅವನೇ ಹೇಳಿದ. ಗಿಡದಿಂದ ತಾನಾಗಿ ಉದುರಿದ ಹಣ್ಣನ್ನೇ ಆರಿಸಬೇಕು. ಬೀಜ ತೆಗೆದು, ಬಂಡೆಯ ತೊಟ್ಟಿಯಲ್ಲಿ ಹಾಕಿ ಕಾಲಲ್ಲಿ ತುಳಿಯುತ್ತಾರೆ. ಆ ರಸಕ್ಕೆ 'ನೀರೋ' ಅಂತಾರೆ (ನಮ್ಮ ನೀರಾ ನೆನಪಾಯ್ತು ನೋಡಿ). ಕೆಲವು ದಿನ ಹುಳಿ ಬಂದ ಮೇಲೆ ಭಟ್ಟಿ ಇಳಿಸಿದರೆ ಮೊದಲ ಸಲದ್ದು ಉರ್ರಾಕು, ಅದನ್ನ ಮತ್ತೆ ಇಳಿಸಿದರೆ ಫೆನಿ. ಉರ್ರಾಕು ಗೇರಿನ ಹಂಗಾಮಿನಲ್ಲಿ ಮಾತ್ರ. ಮಳೆ ಹಿಡೀತು ಅಂದ್ರೆ ಮುಗೀತು. ಗೇರು ಮರವೇ ಬ್ರೆಜಿಲ್‌ನಿಂದ ಪೋರ್ಚುಗೀಸರು ತಂದಿದ್ದು. ಭಟ್ಟಿಯ ಕೈಚಳಕ ಮಾತ್ರ ಅಲ್ಲಿಯವರದೇ. ಗೇರು ಫೆನಿಗೆ 2009ರಲ್ಲಿ ಜಿ.ಐ. ಮಾನ್ಯತೆ ಸಿಕ್ತು. 'ಕಂಟ್ರಿ ಲಿಕ್ಕರ್' ಅಂತ ಕಾಗದದಲ್ಲಿದ್ದ ಅದನ್ನ 2016ರಲ್ಲಿ ಗೋವಾ ಸರ್ಕಾರ ತನ್ನ ಪರಂಪರೆಯ ಪಾನೀಯ ಅಂತ ಕರೆಯಿತು.

ಅಲ್ಲೇ ನನಗೆ ನಮ್ಮೂರಿನ ಸೇಂದಿ ತಲೆಗೆ ಬಂದಿದ್ದು. ನಾನು ಚಿಕ್ಕವನಿದ್ದಾಗ ಹಳ್ಳದ ದಂಡೆಯ ಈಚಲ ಮರಗಳಿಗೆ ಮಡಕೆ ಕಟ್ಟಿರುತ್ತಿದ್ದರು. ಬೆಳಿಗ್ಗೆ ಇಳಿಸಿದ್ದು ಸಿಹಿ, ಮಧ್ಯಾಹ್ನಕ್ಕೆ ಹುಳಿ, ಸಂಜೆಗೆ ನೊರೆ. ಮರ ಹತ್ತುವುದು, ಗಾಯ ಮಾಡುವುದು, ಎಷ್ಟು ದಿನ ಮರಕ್ಕೆ ಬಿಡುವು ಕೊಡಬೇಕು ಅನ್ನುವುದು, ಎಲ್ಲಾ ವಿದ್ಯೆಯೇ. ಕೊಂಕಣಿ ಮುದುಕನ ಭಟ್ಟಿಗಿಂತ ಅದೇನೂ ಕಮ್ಮಿ ಇರಲಿಲ್ಲ.

ಹಾಳು ಮಾಡಿದ್ದು ಮರ ಅಲ್ಲ. ಇದ್ದ ಮರಗಳಿಂದ ಸಿಗೋದು ಸ್ವಲ್ಪ, ಬೇಕಾಗಿದ್ದು ಹೆಚ್ಚು. ನೀರಿಗೆ ಸ್ಯಾಕರಿನ್, ಸಿ.ಎಚ್. ಪೌಡರ್ ಹಾಕಿ ಸೇಂದಿ ಅಂತ ಮಾರೋಕೆ ಶುರುವಾಯ್ತು. ಸಿ.ಎಚ್. ಅಂದರೆ ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸೋ ರಾಸಾಯನಿಕ. ಚಟ ಹಿಡಿದವರಿಗೆ ಒಂದು ದಿನ ಸಿಗದಿದ್ದರೆ ಕೈಕಾಲು ನಡುಕ, ಬಡಬಡಿಕೆ. ನಮ್ಮ ಓಣಿಯಲ್ಲೇ ಒಬ್ಬ ಕಾಕಾ ಹಾಗೆ ಹೋದರು, ನಲವತ್ತೂ ಆಗಿರಲಿಲ್ಲ. ಕಡೆಗೆ ನಮ್ಮ ಕಡೆ ಸೇಂದಿ ಬಂದ್ ಆಯ್ತು. 2007ರ ಜುಲೈಯಿಂದ ರಾಜ್ಯದಲ್ಲಿ ಸಾರಾಯಿಯೂ ಬಂದ್. ಹೆಣ್ಣುಮಕ್ಕಳು ಅದಕ್ಕಾಗಿ ಎಷ್ಟು ಬೀದಿಗಿಳಿದಿದ್ದರು ಅನ್ನೋದು ಗೊತ್ತಿರುವುದರಿಂದ ನಾನಂತೂ 'ಹಳೇ ಕಾಲ ಚೆನ್ನಾಗಿತ್ತು' ಅಂತ ಬರೆಯಲಾರೆ.

ಆದರೆ ಕುಡಿತ ನಿಂತಿತಾ? ಕೆಂಭಾವಿ ಹುಡುಗ ಹೇಳಿದ, "ಈಗ ಕಿರಾಣಿ ಅಂಗಡ್ಯಾಗ ಪಾಕೀಟ ಸಿಗ್ತಾವ್ರಿ. ನಾ ಇಲ್ಲಿ ಸುರೀತೀನ್ರಿ, ಅಲ್ಲಿ ನಮ್ಮಪ್ಪ ಕುಡೀತಾನ್ರಿ. ಕಳಿಸಿದ ರೊಕ್ಕ ಅಲ್ಲೇ ಹೋಗ್ತದ." ನೀನು ಕುಡೀತೀಯಾ ಅಂದೆ. "ಒಂದ್ ಹನಿನೂ ಇಲ್ರಿ," ಅಂದು ಪಕ್ಕದ ಮೇಜಿಗೆ ಹೋದ.

ಗೆಳೆಯ ವಾಪಸ್ ಬರುವಾಗ ಬಸ್ಸಿನಲ್ಲಿ, ನಮ್ಮ ಕಡೆಯೂ ಸೇಂದಿಗೆ ಜಿ.ಐ. ತಗೋಬೇಕು, ಚಂದದ ಬಾಟಲಿಯಲ್ಲಿ ಮಾರಬೇಕು ಅಂತ ಉತ್ಸಾಹದಿಂದ ಭಾಷಣ ಮಾಡಿದ. ಒಳ್ಳೆಯ ಯೋಚನೆಯೇ. ಮರ ಹತ್ತೋರಿಗೆ ಕೆಲಸ, ಈಚಲ ವನಕ್ಕೆ ಬೆಲೆ. ಆದರೆ ಆ ಬಾಟಲಿ ಪಣಜಿಗೋ ಇಂದಿರಾನಗರಕ್ಕೋ ಹೋಗುತ್ತೆ, ನಮ್ಮ ಕೂಲಿಯವನ ಕೈಗೆ ಬರೋದು ಅದೇ ಪಾಕೀಟು. ಕ್ರಾಫ್ಟ್ ಅನ್ನುವ ಮಾತಿಗೆ ಗ್ಲಾಸಿನ ಆಚೆ ಬದಿಯಲ್ಲಿ ಯಾರಿದ್ದಾರೆ ಅನ್ನುವುದೂ ಸೇರಬೇಕು ಅಂತ ನನಗನ್ನಿಸುತ್ತೆ.

ಉರ್ರಾಕು ಮಾತ್ರ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ನಿಮ್ಮೂರ ಕಡೆ ಈಚಲ ಮರ ಇನ್ನೂ ಉಳಿದಿದ್ದರೆ, ಅದನ್ನ ಹತ್ತೋರು ಇನ್ನೂ ಇದ್ದರೆ, ಬರೆದು ತಿಳಿಸಿ.