ನೂರಾ ನಲವತ್ತು ಕೋಟಿಯ ಲೆಕ್ಕ

ಪುಣೆಯ ಕೋಥ್ರೂಡಿನಲ್ಲಿ ನೆಲೆಸಿರುವ ಧಾರವಾಡದ ಆ ನಿವೃತ್ತ ಬ್ಯಾಂಕ್ ಅಧಿಕಾರಿಗೆ ನಾಲ್ಕು ವರ್ಷಕ್ಕೊಮ್ಮೆ ಒಂದು ಸಿಟ್ಟು ಬರುತ್ತದೆ. ಒಲಿಂಪಿಕ್ಸ್ ಶುರುವಾದರೆ ಸಾಕು, ಪೇಪರಿನ ಪದಕ ಪಟ್ಟಿಯ ಮೇಲಿಂದ ಬೆರಳು ಇಳಿಸುತ್ತಾ ಹೋಗುತ್ತಾರೆ. ಭಾರತ ಸಿಗುವ ಹೊತ್ತಿಗೆ ಚಹಾ ಆರಿರುತ್ತದೆ. "ನೂರಾ ನಲವತ್ತು ಕೋಟಿ ಮಂದಿ ಅದೀವಿ. ಒಂದು ಬಂಗಾರ ತರಲಿಕ್ಕೆ ಆಗೂದಿಲ್ಲಂದ್ರ ನಾಚಿಕಿ ಆಗಬೇಕು!"

ಈ ಮಾತು ಅವರೊಬ್ಬರದಲ್ಲ. 1984, 1988, 1992ರಲ್ಲಿ ಭಾರತ ಬರಿಗೈಯಲ್ಲಿ ಮರಳಿದಾಗ ಜನಸಂಖ್ಯೆಯ ಅಂಕಿ ಬೇರೆ ಇತ್ತು, ಮಾತು ಇದೇ. 2024ರಲ್ಲಿ ಪ್ಯಾರಿಸಿನಿಂದ ಒಂದು ಬೆಳ್ಳಿ, ಐದು ಕಂಚು ಬಂದಾಗಲೂ ಇದೇ. ನಾಚಿಕೆ ಹದಿನೈದು ದಿನ ಇರುತ್ತದೆ. ಆಮೇಲೆ ಕ್ರಿಕೆಟ್ ಶುರುವಾಗುತ್ತದೆ.

ಆ ಆಗಸ್ಟ್ 1ರ ಮಧ್ಯಾಹ್ನ ಸ್ವಪ್ನಿಲ್ ಕುಸಾಳೆ ರೈಫಲ್ ಶೂಟಿಂಗಿನಲ್ಲಿ ಕಂಚು ಗೆದ್ದರು. ಕೊಲ್ಹಾಪುರ ಜಿಲ್ಲೆಯವರು, ಮಧ್ಯ ರೈಲ್ವೆಯ ನೌಕರ. ಮಹಾರಾಷ್ಟ್ರದವರೊಬ್ಬರಿಗೆ ವೈಯಕ್ತಿಕ ಪದಕ ಬಂದದ್ದು 72 ವರ್ಷಗಳ ಮೇಲೆ. ಹಿಂದಿನದು ಯಾರದು ಎಂದು ಯಜಮಾನರಿಗೆ ನೆನಪಾಗಲಿಲ್ಲ. ಮೊಬೈಲಿನಲ್ಲಿ ಹುಡುಕಿ ಹೇಳಿದ್ದು ಮಗಳು. ಖಾಶಾಬಾ ಜಾಧವ್, 1952, ಹೆಲ್ಸಿಂಕಿ, ಕುಸ್ತಿ. ಊರು ಕರಾಡದ ಹತ್ತಿರದ ಗೋಳೇಶ್ವರ.

ಅವರು ಸುಮ್ಮನಾದರು. ನಾಲ್ಕು ದಶಕ ಪುಣೆ, ಧಾರವಾಡ ಎಂದು ಓಡಾಡಿದವರು. ಹೆದ್ದಾರಿ ಕರಾಡ ದಾಟಿಯೇ ಹೋಗುತ್ತದೆ. ಬಸ್ಸು ನಿಂತಾಗ ಇಳಿದು ವಡಾಪಾವ್ ತಿಂದಿದ್ದಾರೆ. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕದ ಊರು ಅಲ್ಲೇ ಪಕ್ಕದಲ್ಲಿದೆ ಎಂದು ಯಾರೂ ಹೇಳಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ.

ಹೆಲ್ಸಿಂಕಿಗೆ ಹೋಗಲು ದುಡ್ಡಿಲ್ಲದಾಗ ಜಾಧವರಿಗಾಗಿ ಊರವರು ಚಂದಾ ಎತ್ತಿದರು. ಕೊಲ್ಹಾಪುರದಲ್ಲಿ ಅವರು ಓದಿದ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆ ಅಡವಿಟ್ಟು 7,000 ರೂಪಾಯಿ ಕೊಟ್ಟರು. ಗೆದ್ದು ಬಂದಾಗ ನೂರಕ್ಕೂ ಹೆಚ್ಚು ಎತ್ತಿನ ಬಂಡಿಗಳ ಮೆರವಣಿಗೆ. ಆಮೇಲೆ ಪೊಲೀಸ್ ನೌಕರಿ, 1984ರಲ್ಲಿ ಅಪಘಾತದಲ್ಲಿ ಸಾವು. ಅರ್ಜುನ ಪ್ರಶಸ್ತಿ ಬಂದದ್ದು ಸತ್ತ ಎಷ್ಟೋ ವರ್ಷದ ಮೇಲೆ. ಎರಡನೇ ವೈಯಕ್ತಿಕ ಪದಕಕ್ಕೆ ದೇಶ 1996ರವರೆಗೆ ಕಾಯಿತು.

"ಮಂದಿ ಆಗೂ ಕೋಟಿಗಟ್ಟಲೆ ಇದ್ರು, ಅಪ್ಪಾ," ಎಂದಳು ಮಗಳು. "ಮನಿ ಅಡಾ ಇಟ್ಟವರು ಒಬ್ಬರೇ ನೋಡು."

ಆ ಮಾತಿನ ಹಿಂದೆ ಇನ್ನೊಂದಿತ್ತು. ಎಂಟನೇ ಕ್ಲಾಸಿನಲ್ಲಿ ಅವಳು 400 ಮೀಟರ್ ಓಟದಲ್ಲಿ ಜಿಲ್ಲೆಗೆ ಎರಡನೆಯವಳು. ಹತ್ತನೇ ಕ್ಲಾಸಿಗೆ ಓಟ ನಿಂತಿತು. ಯಾರೂ ಗದರಿಸಲಿಲ್ಲ. ಷೂ ಅಟ್ಟ ಸೇರಿತು, ಓಟದ ಹೊತ್ತಿಗೆ ಟ್ಯೂಷನ್ ಬಂತು, ಅಷ್ಟೇ. ಎಂಜಿನಿಯರಿಂಗ್ ಆಯಿತು, ನೌಕರಿಯೂ ಆಯಿತು. ಅದು ತಪ್ಪು ಎನ್ನುವುದೂ ಕಷ್ಟ. ಓಡುವ ಹುಡುಗಿ ಎಡವಿದರೆ ಹಿಡಿಯುವವರು ಯಾರು ಎಂಬುದಕ್ಕೆ ಸಂಬಳದ ಮನೆಯಲ್ಲಿ ಉತ್ತರವಿರಲಿಲ್ಲ. ಗೆಲ್ಲುವ ಹತ್ತಿರಕ್ಕೆ ಹೋದವರಿಗೂ ಈ ದೇಶದ ನೆನಪು ಗಟ್ಟಿಯಲ್ಲ. 2021ರ ಒಂದು ಶನಿವಾರ ಬೆಳಿಗ್ಗೆ ಬೆಂಗಳೂರಿನ ಅದಿತಿ ಅಶೋಕ್‌ಗೆ ಗಾಲ್ಫ್ ಪದಕ ಒಂದೇ ಹೊಡೆತದಲ್ಲಿ ತಪ್ಪಿತು. ಸಂಜೆ ನೀರಜ್ ಚೋಪ್ರಾ ಬಂಗಾರ ಗೆದ್ದಾಗ ಬೆಳಗಿನ ನಾಲ್ಕನೇ ಸ್ಥಾನ ಮರೆತೇ ಹೋಯಿತು.

ಮೈದಾನವಿಲ್ಲದ ಶಾಲೆಯವರು, ಕೋಚ್ ಸಿಗದ ಊರಿನವರು, ಹೊಟ್ಟೆ ತುಂಬದವರು, ಹೊಟ್ಟೆ ತುಂಬಿದ್ದರೂ ಹತ್ತನೇ ಕ್ಲಾಸಿಗೆ ಆಟ ಬಿಟ್ಟವರು. ಇವರನ್ನೆಲ್ಲ ಕಳೆದರೆ ನೂರಾ ನಲವತ್ತು ಕೋಟಿಯಲ್ಲಿ ಉಳಿಯುವವರೆಷ್ಟು? ಬ್ಯಾಂಕಿನಲ್ಲಿ ಆಯುಷ್ಯ ಕಳೆದವರಿಗೆ ಈ ಕಳೆಯುವ ಲೆಕ್ಕ ಇಷ್ಟು ದಿನ ಹೊಳೆದಿರಲಿಲ್ಲ.

ಈಗ ಮೊಮ್ಮಗಳು ಒಂಬತ್ತನೇ ಕ್ಲಾಸು. ಬಾಲೇವಾಡಿಯ ಮೈದಾನದಲ್ಲಿ ಉದ್ದ ಜಿಗಿತ ಕಲಿಯುತ್ತಾಳೆ. ಮುಂದಿನ ವರ್ಷ ಬಿಡಿಸೋಣ ಎನ್ನುತ್ತಿರುವವಳು ಮಗಳೇ. "ಬೋರ್ಡ್ ಪರೀಕ್ಷಾ ಅದ, ಅಪ್ಪಾ. ನಿಮಗ ಗೊತ್ತಿಲ್ಲೇನು?"

ಅವರಿಗೆ ಗೊತ್ತು. ಅದಕ್ಕೇ ವಾದಕ್ಕಿಳಿಯಲಿಲ್ಲ. "ಇನ್ನೊಂದು ವರ್ಷ ನೋಡೋಣು. ಮುಂಜಾನೆ ನಾ ಕರಕೊಂಡು ಹೋಗ್ತೀನಿ," ಎಂದು ಸ್ಕೂಟರಿನ ಕೀಲಿ ತೆಗೆದು ತಮ್ಮ ಮೊಳೆಗೆ ಹಾಕಿಕೊಂಡರು.